ಕೋಲ್ಡ್ ಸ್ಟೋರೇಜಿನಲ್ಲಿ ಉಳಿದವನು

ಒಂದು ಊರು ಅಂತ ಇಟ್ಟುಕೊಳ್ಳಿ. ಹೆಸರು ಕೇಳಬೇಡಿ, ಹೇಳಿದರೆ ನಾಳೆ ಬೆಳಿಗ್ಗೆಯೇ ಬಸ್ಸು ಹತ್ತಿ ನೋಡಲಿಕ್ಕೆ ಹೋಗುತ್ತೀರಿ, ನಿಮ್ಮನ್ನು ನಾನು ಬಲ್ಲೆ. ಆ ಊರಲ್ಲಿ ಕೈಯೆತ್ತಿ ಕೊಡುವ ಒಬ್ಬ ಸಾವುಕಾರನಿದ್ದ. ಮೆಣಸಿನಕಾಯಿ ವ್ಯಾಪಾರ. ಮಠದ ದಾಸೋಹಕ್ಕೆ ಅಕ್ಕಿ ಕೊಡುವವನು, ಶಾಲೆಗೆ ಬೆಂಚು ಕೊಡುವವನು, ಕೊಟ್ಟ ಬೆಂಚಿನ ಮೇಲೆ ತನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸುವವನು. ನಗಬೇಡಿ. ನನ್ನ ಪ್ರವಚನಕ್ಕೆ ಹಾಕಿದ ಈ ಪೆಂಡಾಲಿನ ಫ್ಯಾನುಗಳ ಮೇಲೆ ಯಾರ ಯಾರ ಹೆಸರಿದೆ, ಅದನ್ನು ಓದಿಕೊಂಡು ಆಮೇಲೆ ನಗಿರಿ.

ಊರ ಹೊರಗೆ ಅವನದೊಂದು ಕೋಲ್ಡ್ ಸ್ಟೋರೇಜು. ಹಂಗಾಮಿನಲ್ಲಿ ಬಂದ ಮೆಣಸಿನಕಾಯಿ ಬಣ್ಣ ಕೆಡದ ಹಾಗೆ ಇಡುವ ಜಾಗ. ನೋಡಿ, ಅದಕ್ಕೆ ಕಿಟಕಿ ಇರುವುದಿಲ್ಲ. ಬಾಗಿಲು ಗೇಣು ದಪ್ಪ. ಹೊರಗೆ ನೆತ್ತಿ ಸುಡುವ ಬಿಸಿಲಿದ್ದರೂ ಬಾಗಿಲು ತೆರೆದ ಕೂಡಲೇ ತಣ್ಣನೆಯ ಮಂಜು ಕಾಲ ಬೆರಳಿಗೆ ಬಂದು ತಾಗುತ್ತದೆ. ಒಳಗೆ ಚಾವಣಿಯ ತನಕ ಚೀಲ, ಚೀಲಗಳ ನಡುವೆ ಒಬ್ಬನೇ ಹಾಯುವಷ್ಟು ದಾರಿ. ಅಲ್ಲಿ ಕೂಗಿದರೆ ಕೂಗು ತಿರುಗಿ ಬರುವುದಿಲ್ಲ, ಚೀಲಗಳೇ ಕುಡಿದುಬಿಡುತ್ತವೆ.

ಅಂಥ ಜಾಗದಲ್ಲಿ ಒಂದು ಪದ್ಧತಿ ಇರಲೇಬೇಕು. ಬೆಳಿಗ್ಗೆ ಒಳಗೆ ಹೋಗುವ ಹಮಾಲರನ್ನು ಬಾಗಿಲಲ್ಲಿ ನಿಂತು ಎಣಿಸುವುದು, ಸಂಜೆ ಐದೂವರೆಗೆ ಹೊರಗೆ ಬಂದವರನ್ನು ಮತ್ತೆ ಎಣಿಸುವುದು. ಎರಡೂ ಲೆಕ್ಕ ಕೂಡಿದ ಮೇಲೆಯೇ ದೀಪ ಆರಿಸಿ ಅಗಳಿ ಹಾಕುವುದು. ಯಾಕೆ? ಒಬ್ಬ ಒಳಗೆ ಉಳಿದು, ಕತ್ತಲಲ್ಲಿ ಬಾಗಿಲಿನ ದಾರಿ ಸಿಗದೆ ಹೋದರೆ ಬೆಳಗಾಗುವುದರೊಳಗೆ ಅವನ ಕಥೆ ಮುಗಿದ ಹಾಗೆ. ಎಣಿಸುವವನ ನಾಲಿಗೆಯ ಮೇಲೆ ಒಂದು ಜೀವ ನಿಂತಿರುತ್ತದೆ.

ಈ ಎಣಿಸುವ ಕೆಲಸಕ್ಕೆ ಸಾವುಕಾರ ಒಬ್ಬನನ್ನು ಇಟ್ಟುಕೊಂಡ. ಐವತ್ತರ ಆಸುಪಾಸಿನ ಆಳು. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದವನು, ಆಮೇಲೆ ಎಂಟು ವರ್ಷ ಜೈಲಿನಲ್ಲಿದ್ದವನು. ಊರಲ್ಲಿ ಅವನಿಗೆ ಎರಡು ಹೆಸರು. ಎದುರಿಗೆ ‘ಮಿಲಿಟ್ರಿ’, ಬೆನ್ನ ಹಿಂದೆ ‘ಜೈಲಿನಾಂವ’. ಕಾವಲಿನ ಕೆಲಸ ಕೊಡುವ ಕಂಪನಿಯವರು ಪೊಲೀಸರ ಸರ್ಟಿಫಿಕೇಟು ತಾ ಅಂದರು. ಅದು ಎಲ್ಲಿಂದ ಬರಬೇಕು? ಗ್ಯಾರೇಜಿನವರು ಹೊರಗಿನಿಂದಲೇ ಕೈಮುಗಿದರು. ಚಹಾದ ಅಂಗಡಿಯಲ್ಲಿ ಅವನು ಕೂತರೆ ಬೆಂಚು ಖಾಲಿ ಆಗುತ್ತಿತ್ತು. ಕೊನೆಗೆ ಒಂದು ಹಳೇ ಫೈಲು ಕಂಕುಳಲ್ಲಿಟ್ಟುಕೊಂಡು ಸಾವುಕಾರನ ಅಂಗಳಕ್ಕೆ ಬಂದು ನಿಂತ.

ಸಾವುಕಾರ ಫೈಲು ಬಿಚ್ಚಲಿಲ್ಲ. ನಾಲ್ಕು ಜನ ಕೂತಿದ್ದರಲ್ಲ, ಅವರ ಕಡೆ ತಿರುಗಿ ಅಂದ: “ನೋಡ್ರಿ, ಕೊಲಿ ಕೇಸಿನಾಂವ. ಆದ್ರೂ ಕೆಲಸ ಕೊಡ್ತೇನಿ. ನಾ ಕೊಡಲಿಲ್ಲಂದ್ರ ಮತ್ಯಾರ ಕೊಡ್ತಾರ?”

ಆ ಮನುಷ್ಯ ತಲೆ ತಗ್ಗಿಸಿ ಕೇಳಿದ: “ಸಾವ್ಕಾರ್ರ, ಬಿಸಲಾಗಿಂದು ಏನರ ಕೆಲಸ ಇದ್ರ ನೋಡ್ರಿ. ಥಂಡಿ ಒಂದು ಬ್ಯಾಡ್ರಿ.”

ಸಾವುಕಾರ ಹೊಟ್ಟೆ ಹಿಡಿದುಕೊಂಡು ನಕ್ಕ. “ಏ ಹೋಗೋ ಮಾರಾಯಾ! ಹಿಮದ ಗುಡ್ಡದಾಗ ಕುಂತು ಬಂದಾಂವ ನೀ. ನಮ್ಮ ಥಂಡಿ ಕ್ವಾಣಿ ನಿನಗ ಮಾವನ ಮನಿ ಇದ್ದಂಗ!”

ಕೂತವರೂ ನಕ್ಕರು. ಕೆಲಸ ಗಟ್ಟಿಯಾಯಿತು. ಹಿಮ ಕಂಡವನಿಗೆ ತಣ್ಣನೆಯ ಬಾಗಿಲು, ಜೈಲು ಕಂಡವನಿಗೆ ಅಗಳಿಯ ಉಸ್ತುವಾರಿ. ಸಾವುಕಾರನಿಗೆ ತನ್ನ ಬುದ್ಧಿವಂತಿಕೆಯ ಬಗ್ಗೆ ಬಹಳ ಸಂತೋಷವಾಯಿತು.

ಮೊದಲನೆಯ ದಿನ ಹದಿನಾಲ್ಕು ಜನ ಒಳಗೆ ಹೋದರು. ಒಂಬತ್ತು ಗಂಡಸರು, ಐದು ಹೆಂಗಸರು. ಸಂಜೆ ಹದಿನಾಲ್ಕು ಜನ ಹೊರಗೆ ಬಂದರು. ಮಿಲಿಟ್ರಿ ಬೆರಳು ಮಾಡಿ ಎಣಿಸಿದ. ಅಗಳಿಗೆ ಕೈ ಹಾಕಲಿಲ್ಲ. ಸಾವುಕಾರನ ಕಡೆ ತಿರುಗಿ ಹೇಳಿದ:

“ಇನ್ನೊಬ್ಬಾಂವ ಒಳಗ ಅದಾನ್ರಿ.”

“ಹದಿನಾಲ್ಕು ಹೋದ್ರು, ಹದಿನಾಲ್ಕು ಬಂದ್ರು. ಇನ್ಯಾರು?”

“ಒಬ್ಬಾಂವ ಅದಾನ್ರಿ.”

ಹೊಸಬ, ಲೆಕ್ಕ ತಪ್ಪಿದ್ದಾನೆ ಅಂದುಕೊಂಡರು. ಗುಮಾಸ್ತ ಒಳಗೆ ಹೋಗಿ ಟಾರ್ಚು ಬಿಟ್ಟು ನೋಡಿ ಬಂದ. ಯಾರೂ ಇಲ್ಲ. ಎರಡನೆಯ ದಿನ ಸಂಜೆಯೂ ಅದೇ ಮಾತು. ಮೂರನೆಯ ದಿನವೂ ಅದೇ. ಹದಿನಾಲ್ಕು ಹೋದರೂ ಒಬ್ಬ ಒಳಗೆ, ಒಂಬತ್ತು ಹೋದರೂ ಒಬ್ಬ ಒಳಗೆ. ಒಂದು ದಿನ ಮಳೆಗೆ ಒಬ್ಬ ಹಮಾಲನೂ ಬರಲಿಲ್ಲ, ಬಾಗಿಲು ತೆರೆಯಲೇ ಇಲ್ಲ. ಆ ಸಂಜೆಯೂ ಐದೂವರೆಗೆ ಸರಿಯಾಗಿ ಬಂದು ನಿಂತು ಹೇಳಿದ: “ಒಬ್ಬಾಂವ ಒಳಗ ಅದಾನ್ರಿ.”

ಈಗ ಸಾವುಕಾರನ ನಗು ನಿಂತಿತು. ಮಾರನೆಯ ದಿನ ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ತಾನೇ ಎಣಿಸಿದ. ಸರಿಯಾಗಿ ಹದಿನಾಲ್ಕು. “ಹಂಗಾರ ಹದಿನೈದನೇದಾಂವ ಯಾಂವಪಾ?” ಅಂತ ಗದರಿದ. ಮಿಲಿಟ್ರಿ ಅವನ ಮುಖ ನೋಡಲಿಲ್ಲ. ಅವನ ಹೆಗಲ ಮೇಲಿಂದ ಹಿಂದಿನ ಬಾಗಿಲನ್ನೇ ನೋಡುತ್ತ ಬಹಳ ಮೆಲ್ಲಗೆ ಅಂದ: “ಬಡಿಯಾಕತ್ಯಾನ್ರಿ. ನಿಮಗ ಕೇಳವಲ್ದೇನ್ರಿ?”

ಸಾವುಕಾರ ಕಿವಿಗೊಟ್ಟ. ಮೆಷಿನ್ನಿನ ಗುಂಯ್ ಅನ್ನುವ ಸದ್ದು. ಅದರ ಕೆಳಗೆ, ಬಹಳ ಕೆಳಗೆ, ಟಕ್... ಟಕ್... ಟಕ್. ಪೈಪಿರಬೇಕು ಅಂದುಕೊಂಡ. ಪೈಪೇ ಇರಬೇಕು. ಆದರೆ ಅಷ್ಟು ದಿನ ಅದೇ ಅಂಗಳದಲ್ಲಿ ಓಡಾಡಿದವನಿಗೆ ಆ ಸದ್ದು ಒಂದು ಸಲವೂ ಕೇಳಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಕಟ್ಟಡ ಕಟ್ಟುವಾಗ ಒಬ್ಬ ಗೌಂಡಿ ಸತ್ತಿದ್ದ ಅಂತ ಒಬ್ಬ ಹೇಳಿದ. ಮೂರನೆಯ ಸಾಲಿನ ಚೀಲದ ಹಿಂದೆ ಯಾರೋ ಉಸಿರಾಡಿದ ಹಾಗಾಯಿತು ಅಂತ ಇನ್ನೊಬ್ಬ. ಹೆಂಗಸರು ಆ ಸಾಲಿಗೆ ಹೋಗುವುದನ್ನೇ ಬಿಟ್ಟರು. ಬಾಗಿಲಿಗೆ ನಿಂಬೆಹಣ್ಣು ಬಂತು, ಹೊಸ್ತಿಲಿಗೆ ತೆಂಗಿನಕಾಯಿ ಬಂತು, ಪಕ್ಕದ ತಾಲ್ಲೂಕಿನಿಂದ ದೇವರು ಹೇಳುವವನೊಬ್ಬ ಬಂದು ಕರಿಕೋಳಿ ತಗೊಂಡು ಹೋದ. ಸಾವುಕಾರ ಹಗಲಿನಲ್ಲೂ ಆ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿರಲಿಲ್ಲ. ಉಣ್ಣುವಾಗ ಹೆಂಡತಿ ತಟ್ಟೆ ಇಟ್ಟರೆ ಕೂತವರನ್ನು ಬೆರಳಲ್ಲಿ ಎಣಿಸುತ್ತಿದ್ದ. ಹೆಂಡತಿ, “ಏನ್ರಿ ಅದು, ಮನಿ ಮಂದಿನ್ನ ಎಣಿಸ್ತೀರಿ?” ಅಂದರೆ ಬೆರಳು ಮಡಚಿ ತಟ್ಟೆಗೆ ಕೈ ಹಾಕುತ್ತಿದ್ದ.

ಫಕ್ಕೀರವ್ವ ಅಂತ ಒಬ್ಬಳಿದ್ದಳು, ಹಮಾಲರ ಜೊತೆ ಚೀಲ ಹೊಲಿಯುವವಳು. ಅವಳೊಬ್ಬಳು ಧೈರ್ಯ ಮಾಡಿ ಸಾವುಕಾರನ ಮುಂದೆ ನಿಂತಳು. “ಯಪ್ಪಾ, ಕ್ವಾಣಿಗೆ ಏನೂ ಆಗಿಲ್ರಿ. ಆ ಅಣ್ಣಗ ಆಗೇತ್ರಿ. ನಮ್ಮ ತಮ್ಮಗ ಹಿಂಗ ಮನಸು ಕೆಟ್ಟಿತ್ತು. ಜಿಲ್ಲಾ ದವಾಖಾನ್ಯಾಗ ಗುಳಗಿ ಕೊಟ್ರು, ಕುಂದ್ರಿಸಿ ಮಾತಾಡಿಸಿದ್ರು, ಈಗ ಟಂಟಂ ಗಾಡಿ ಹೊಡಿತಾನ್ರಿ. ಇವನ್ನೂ ಒಮ್ಮೆ ಕರಕೊಂಡು ಹೋಗ್ರಿ.”

ಸಾವುಕಾರ ಉರಿದುಬಿದ್ದ. “ಹುಚ್ಚರ ದವಾಖಾನಿಗೆ ನನ್ನ ಗಾಡ್ಯಾಗ? ಮಂದಿ ಏನಂದಾರು? ಸಾವ್ಕಾರ ಹುಚ್ಚನ್ನ ಹಿಡದು ಕಾವಲಿಗಿಟ್ಟಾನ ಅಂದಾರು. ಸುಮ್ನ ಚೀಲ ಹೊಲಿ ಹೋಗು.”

ಕೇಳಿದಿರಾ? ಕರಿಕೋಳಿಯವನನ್ನು ಕರೆತರಲಿಕ್ಕೆ ಅದೇ ಗಾಡಿ ಹೋಗಿತ್ತು. ಆಗ ಮಂದಿಯ ನೆನಪಾಗಲಿಲ್ಲ.

ಹಮಾಲರು ಒಬ್ಬೊಬ್ಬರೇ ಬಿಡತೊಡಗಿದಾಗ ಸಾವುಕಾರ ಒಂದು ಹುಕುಂ ಮಾಡಿದ. “ಇವತ್ತಿನಿಂದ ಗುಮಾಸ್ತ ಎಣಿಸ್ತಾನ. ಮಿಲಿಟ್ರಿ, ನೀ ಗೇಟಿನಾಗ ನಿಂತ್ಕೋ. ಬಾಯಿ ಬಿಟ್ಟಿ ಅಂದ್ರ ಕೆಲಸ ಹೋತು ತಿಳಿ.” ಆ ಮನುಷ್ಯ ಸಲ್ಯೂಟು ಹೊಡೆದ. ಆದರೆ ಅವನ ಕಣ್ಣು ಆ ಬಾಗಿಲು ಬಿಟ್ಟು ಬರಲಿಲ್ಲ. ಇಷ್ಟು ದಿನ ಹೇಳಿಯಾದರೂ ಹೇಳುತ್ತಿದ್ದ. ಹೇಳಿದಾಗ ಯಾರೋ ಒಬ್ಬರು ಒಳಗೆ ಹೋಗಿ ಟಾರ್ಚು ಬಿಡುತ್ತಿದ್ದರು. ಇನ್ನು ಮೇಲೆ ಅದೂ ಇಲ್ಲ.

ಅಮಾವಾಸ್ಯೆಯ ಹಿಂದಿನ ದಿನ. ಅಮಾವಾಸ್ಯೆಗೆ ಹಮಾಲರು ಚೀಲ ಎತ್ತುವುದಿಲ್ಲ, ನಿಮಗೆ ಗೊತ್ತಲ್ಲ. ಇವತ್ತು ಸಂಜೆ ಹಾಕಿದ ಅಗಳಿ ನಾಡಿದ್ದು ಬೆಳಿಗ್ಗೆಯೇ ತೆಗೆಯುವುದು. ಆ ಸಂಜೆ ಎಲ್ಲರಿಗೂ ಅವಸರ. ಗುಮಾಸ್ತ ಹನ್ನೊಂದು ಒಳಗೆ, ಹನ್ನೊಂದು ಹೊರಗೆ ಅಂತ ಎಣಿಸಿದ. ದೀಪ ಆರಿಸಿದ, ಅಗಳಿ ಹಾಕಿದ. ಎಷ್ಟು ನಿರಾಳ! ಯಾರೂ ಒಬ್ಬ ಹೆಚ್ಚು ಅನ್ನಲಿಲ್ಲ.

ಸಾವುಕಾರ ಗಾಡಿ ಹತ್ತಿ ಗೇಟಿಗೆ ಬಂದು ಹಾರ್ನ್ ಹೊಡೆದ. ಗೇಟು ತೆರೆಯಲಿಲ್ಲ. ಮತ್ತೆ ಹೊಡೆದ. ಮಿಲಿಟ್ರಿಯ ಕುರ್ಚಿ ಖಾಲಿ ಇತ್ತು. ಕುರ್ಚಿಯ ಮೇಲೆ ಟೊಪ್ಪಿಗೆ, ಕೆಳಗೆ ಬಿಚ್ಚದ ಬುತ್ತಿ. “ಎಲ್ಲಿ ಹಾಳಾಗಿ ಹೋದ ಇಂವಾ!” ಅಂತ ಬೈಯುತ್ತಾ ಇಳಿದ. ಟಂಟಂಗೆ ಕಾಯುತ್ತ ನಿಂತಿದ್ದ ಫಕ್ಕೀರವ್ವ ಓಡಿ ಬಂದಳು.

“ಯಪ್ಪಾ, ಮಧ್ಯಾಹ್ನ ಆ ಅಣ್ಣ ಒಳಗ ಹೋದದ್ದು ನೋಡೇನ್ರಿ. ಹೊರಗ ಬಂದದ್ದು ನೋಡಿಲ್ಲ.”

ಸಾವುಕಾರ ಗುಮಾಸ್ತನ ಕಡೆ ತಿರುಗಿದ. “ಎಣಿಸಿಯೇನಲೇ?”

“ಎಣಿಸೇನ್ರಿ. ಹಮಾಲರು ಹನ್ನೊಂದು.”

“ಅವನ್ನ?”

“ಅವನ್ನ ಯಾಕ ಎಣಿಸ್ಲಿರಿ? ಅಂವ ಹಮಾಲ ಅಲ್ಲಲ್ರಿ.”

ನೋಡಿ ಸ್ವಾಮಿ! ಎರಡು ತಿಂಗಳು ಇಲ್ಲದವನನ್ನು ಹುಡುಕಿದರು. ಇದ್ದವನನ್ನು ಎಣಿಸಲಿಲ್ಲ.

“ಹೋಗ್ರಿ, ಬಾಗ್ಲಾ ತಗೀರಿ” ಅಂದ ಸಾವುಕಾರ. ಯಾರೂ ಕದಲಲಿಲ್ಲ. ಅಮಾವಾಸ್ಯೆಯ ಹಿಂದಿನ ಸಂಜೆ ಆ ಕೋಣೆಗೆ ಯಾರು ಕಾಲಿಡುತ್ತಾರೆ? ಗುಮಾಸ್ತ ಟಾರ್ಚನ್ನು ಸಾವುಕಾರನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಸಾವುಕಾರ ಒಬ್ಬನೇ ನಡೆದ. ಅಂಗಳ ಅಷ್ಟು ಉದ್ದವಿದೆ ಅಂತ ಅವನಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಹಿಂದಕ್ಕೆ ಹೋಗಿಬಿಡಲೇ ಅನ್ನಿಸಿತು. ಹೋದರೆ ಕೇಳುವವರ್ಯಾರು? ಜೈಲಿನವನು, ಹಿಂದೆ ಮುಂದೆ ಇಲ್ಲದವನು. ಆ ಯೋಚನೆ ಬಂದದ್ದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು, ಅದೇ ಅಸಹ್ಯದಲ್ಲಿ ಅಗಳಿ ಎಳೆದ.

ಮಂಜು ಹೊರಗೆ ಸುರಿಯಿತು. ಒಳಗೆ ಗವ್ವೆನ್ನುವ ಕತ್ತಲು. ಟಾರ್ಚಿನ ಬೆಳಕು ನಾಲ್ಕು ಮಾರು ಹೋಗಿ ಮಂಜಿನಲ್ಲಿ ಕರಗಿತು. ಆ ಕತ್ತಲೊಳಗಿಂದ ಯಾರೋ ಎಣಿಸುತ್ತಿದ್ದರು. “ಏಕ್. ದೋ. ತೀನ್. ಚಾರ್...” ಒಂದೇ ಸಮನೆ, ಏರಿಲ್ಲ, ಇಳಿವಿಲ್ಲ. “ದಸ್. ಗ್ಯಾರಹ್.” ಅಲ್ಲಿಗೆ ನಿಂತಿತು. ಮತ್ತೆ ಮೊದಲಿನಿಂದ: “ಏಕ್. ದೋ.”

“ಯಾರದೀರಿ ಒಳಗ?” ಸಾವುಕಾರ ಕೂಗಿ ಕೇಳಿದ.

ಎಣಿಕೆ ನಿಂತಿತು. ಉತ್ತರ ದೂರದಿಂದ ಬರಲಿಲ್ಲ. ಅವನ ಕಿವಿಯ ಪಕ್ಕದಲ್ಲೇ ಬಂತು.

“ಕೈದಿ ನಂಬರ್ ಏಳುನೂರಾ ಹನ್ನೊಂದು. ಹಾಜರ್, ಸಾಹೇಬ್ರ.”

ಟಾರ್ಚು ಕೈಜಾರಿ ಬಿತ್ತು. ಬಿದ್ದ ಬೆಳಕಿನಲ್ಲಿ ಕಂಡ. ದೀಪ ಆರಿದ ಮೇಲೆ ಚೀಲಗಳ ಹಿಂದಿನಿಂದ ಬಂದು, ಬಾಗಿಲ ಪಕ್ಕದ ಗೋಡೆಗೆ ಮಿಲಿಟ್ರಿ ನೆಟ್ಟಗೆ ನಿಂತಿದ್ದ. ಕೈ ಎರಡೂ ತೊಡೆಗೆ ಅಂಟಿದ್ದವು. ತುಟಿ ನೀಲಿ, ಕಣ್ಣು ತೆರೆದೇ ಇತ್ತು, ಆದರೆ ಸಾವುಕಾರನನ್ನು ಅದು ನೋಡುತ್ತಿರಲಿಲ್ಲ. ಅವನ ಭುಜಕ್ಕೆ ತಾಗುವಷ್ಟು ಹತ್ತಿರದಲ್ಲಿ, ಬಾಗಿಲ ಒಳಮೈಯಲ್ಲಿ, ಒಂದು ದೊಡ್ಡ ಹಸಿರು ಗುಂಡಿ ಇತ್ತು. ಅಂಥ ಎಲ್ಲ ಕೋಣೆಗಳಲ್ಲೂ ಇರುತ್ತದೆ. ಹೊರಗೆ ಅಗಳಿ ಹಾಕಿದ್ದರೂ ಒಳಗಿಂದ ಒತ್ತಿದರೆ ಸಾಕು, ಬಾಗಿಲು ತೆರೆಯುತ್ತದೆ. ಅದನ್ನು ಅವನಿಗೆ ಮೊದಲ ದಿನವೇ ತೋರಿಸಿದ್ದರು.

“ಒತ್ತಬೇಕಿಲ್ಲೋ ಹುಚ್ಚಪ್ಪಾ! ಯಾಕ ಒತ್ತಲಿಲ್ಲ?” ಸಾವುಕಾರ ಅಳು ಬರುವ ಹಾಗೆ ಕೂಗಿದ.

ಆ ಮನುಷ್ಯ ಆಶ್ಚರ್ಯದಿಂದ ಅವನನ್ನು ನೋಡಿದ. “ಬಾಗ್ಲಾ ನಾ ತಗೀಬಹುದೇನ್ರಿ?”

ಎಂಟು ವರ್ಷ. ಎಂಟು ವರ್ಷ ಒಂದೇ ಒಂದು ಬಾಗಿಲನ್ನು ಅವನು ತನ್ನ ಕೈಯಿಂದ ತೆಗೆದಿರಲಿಲ್ಲ. ಯಾರೋ ತೆಗೆಯಬೇಕು, ಎಣಿಸಬೇಕು, ನಡೆ ಅನ್ನಬೇಕು. ಜೈಲಿನವರು ಅವನನ್ನು ಬಿಟ್ಟಿದ್ದರು. ಬಿಟ್ಟಿದ್ದಾರೆ ಅಂತ ಅವನ ಕೈಗೆ ಯಾರೂ ಹೇಳಿರಲಿಲ್ಲ.

ಹೊರಗೆ ತಂದು ಇನ್ನೂ ಬೆಚ್ಚಗಿದ್ದ ಗೋಡೆಗೆ ಒರಗಿಸಿ ಕೂರಿಸಿದರು. ಫಕ್ಕೀರವ್ವ ತನ್ನ ಕೌದಿ ಹೊದಿಸಿ ಅಂಗೈ ಉಜ್ಜಿದಳು. ಎರಡು ಲೋಟ ಚಹಾ ಒಳಗೆ ಹೋದ ಮೇಲೆ ಸಾವುಕಾರ, ಎರಡು ತಿಂಗಳಲ್ಲಿ ಮೊದಲನೆಯ ಸಲ, ಕೇಳಿದ: “ಒಳಗ ಇರಾಂವ ಯಾರೋ ತಮ್ಮಾ?”

ಆಗ ಅವನು ಹೇಳಿದ. ಹಿಮದ ಗುಡ್ಡದಲ್ಲಿ ಹನ್ನೆರಡು ಜನರ ತಂಡ. ಇವನು ಹವಾಲ್ದಾರ, ತಲೆ ಎಣಿಸುವುದು ಇವನ ಕೆಲಸ. ಬಿರುಗಾಳಿಯಲ್ಲಿ ಡೇರೆಯ ಬಾಯಲ್ಲಿ ನಿಂತು ಎಣಿಸಿ ಹನ್ನೆರಡು ಅಂದ. ಬಾಯಿ ಕಟ್ಟಿದರು. ಬೆಳಿಗ್ಗೆ ಬಿಚ್ಚಿದರೆ ಹತ್ತು ಹೆಜ್ಜೆಯ ಆಚೆ ಒಬ್ಬ ಕೂತಿದ್ದ, ಇಪ್ಪತ್ತೆರಡರ ಪ್ರಾಯದವನು, ಕೂತಲ್ಲೇ ಕಲ್ಲಾಗಿದ್ದ. “ನನ್ನ ನಾನ ಎರಡ ಸಲ ಎಣಿಸಿದೆನೋ ಏನೋ ಸಾವ್ಕಾರ್ರ. ಅಂವಾ ರಾತ್ರಿ ಡೇರೆ ಬಡದಿರಬೇಕು. ಗಾಳ್ಯಾಗ ಕೇಳಲಿಲ್ರಿ.”

ಸೈನ್ಯದಿಂದ ನಿವೃತ್ತನಾಗಿ ಬಂದ ಮೇಲೆ ನಿದ್ದೆ ಹಾರಿಹೋಯಿತು. ಒಂದು ದಿನ ಬಸ್ಸಿನ ಕಂಡಕ್ಟರ್ ಬಾಗಿಲು ಹಾಕಿದಾಗ, ಇನ್ನೊಬ್ಬ ಬರುವವನಿದ್ದಾನೆ ಅಂತ ಇವನು ಚೀರಿದ. ಯಾರೂ ಇಲ್ಲ ಅಂತ ಕಂಡಕ್ಟರ್ ತಳ್ಳಿದ, ಇವನೂ ತಳ್ಳಿದ. ಕಂಡಕ್ಟರ್ ಬಿದ್ದ ಏಟಿಗೆ ತಲೆ ಒಡೆದು ಸತ್ತ. ಪಾಪ, ಅವನಿಗೂ ಹೆಂಡತಿ ಮಕ್ಕಳಿದ್ದರು. ಇವನು ತಪ್ಪು ಒಪ್ಪಿಕೊಂಡ, ಶಿಕ್ಷೆ ಉಂಡ. ಅದನ್ನು ಮುಚ್ಚಿಡುವ ಮಾತಿಲ್ಲ. ಆದರೆ ಹಿಮದಿಂದ ಬಸ್ಸಿನ ತನಕ, ಬಸ್ಸಿನಿಂದ ಜೈಲಿನ ತನಕ, ಜೈಲಿನಿಂದ ಸಾವುಕಾರನ ಅಂಗಳದ ತನಕ, ನಿನಗೆ ಏನು ಕೇಳಿಸುತ್ತದೆಯಪ್ಪಾ ಅಂತ ಒಬ್ಬರೂ ಕೂತು ಕೇಳಿರಲಿಲ್ಲ.

ಮಾರನೆಯ ದಿನ ಅಮಾವಾಸ್ಯೆ. ಸಾವುಕಾರ ತನ್ನ ಗಾಡಿಯಲ್ಲೇ ಅವನನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದ. ಮನಸ್ಸಿನ ಡಾಕ್ಟರ ಕೋಣೆಯ ಮುಂದಿನ ಸಾಲು, ಮೂರು ತಾಸು. ಪರಿಚಯದವರು ಕಂಡರು. ಮೊದಲು ಟವಲಿನಿಂದ ಮುಖ ಮುಚ್ಚಿಕೊಂಡ, ಆಮೇಲೆ ನಾಚಿಕೆಯಾಗಿ ತೆಗೆದ. ಡಾಕ್ಟರಮ್ಮ ಒಂದು ತಾಸು ಮಾತಾಡಿಸಿ ಹೇಳಿದರು: “ಇದು ದೆವ್ವ ಅಲ್ಲ. ಗಾಯ. ಕಣ್ಣಿಗೆ ಕಾಣದ ಜಾಗದಲ್ಲಿ ಆಗಿದೆ. ಮಾತ್ರೆ ಕೊಡ್ತೀನಿ, ಹದಿನೈದು ದಿನಕ್ಕೊಮ್ಮೆ ಕರೆದುಕೊಂಡು ಬನ್ನಿ, ಮಾತಾಡೋಣ. ಒಬ್ಬರನ್ನೇ ಕಳಿಸಬೇಡಿ. ಮತ್ತೆ, ಇವರನ್ನ ಆ ಬಾಗಿಲಿಗೆ ನಿಲ್ಲಿಸಿದವರು ಯಾರು?”

ಸಾವುಕಾರ ಮನೆಗೆ ಬಂದು ಆ ಫೈಲು ತರಿಸಿ ಬಿಚ್ಚಿದ. ಹನ್ನೊಂದು ವರ್ಷ ಸೈನ್ಯದ ಲಾರಿ ರಿಪೇರಿ ಮಾಡಿದವನು ಅಂತ ಅದರಲ್ಲಿ ಬರೆದಿತ್ತು. ಸಾವುಕಾರನ ಹಿತ್ತಿಲಲ್ಲಿ ಮೂರು ಲಾರಿ ಕೆಟ್ಟು ನಿಂತಿದ್ದವು, ಬಿಸಿಲಿನಲ್ಲಿ.

ಅವನು ಪೂರ್ತಿ ವಾಸಿಯಾದನೇ? ಇಲ್ಲ. ನಿಮ್ಮನ್ನು ಖುಷಿಪಡಿಸಲಿಕ್ಕೆ ಸುಳ್ಳು ಹೇಳಲಾರೆ. ಲಾರಿ ಮಾತ್ರ ಮೂರೂ ಓಡುತ್ತಿವೆ. ಕೆಲವು ಸಂಜೆ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಗೋಡೆಯ ಕಡೆ ಕಿವಿ ಕೊಡುತ್ತಾನಂತೆ. ಆಗ ಯಾರಾದರೂ ಹೋಗಿ ಪಕ್ಕದಲ್ಲಿ ಕೂರುತ್ತಾರೆ.

ಕಥೆ ಆಯಿತು. ಈಗ ನಿಮ್ಮ ಕಡೆ ಬರುತ್ತೇನೆ.

ಇಷ್ಟು ಹೊತ್ತು ಬಾಯಿ ತೆರೆದುಕೊಂಡು ಕೇಳಿದಿರಲ್ಲ, ಯಾವುದಕ್ಕೆ ಕಾಯುತ್ತಿದ್ದಿರಿ? ನಿಜ ಹೇಳಿ. ಕೋಣೆಯಲ್ಲಿ ದೆವ್ವ ಇದೆಯೋ ಇಲ್ಲವೋ, ಅಷ್ಟೇ ತಾನೇ? ಆ ಮನುಷ್ಯ ಎಲ್ಲಿ ಮಲಗುತ್ತಿದ್ದ, ಬುತ್ತಿ ಯಾರು ಕಟ್ಟುತ್ತಿದ್ದರು, ಮನೆಯಲ್ಲಿ ಯಾರಿದ್ದರು? ನಾನು ಹೇಳಲೇ ಇಲ್ಲ. ನಿಮಗೆ ಬೇಕು ಅಂತಲೂ ಅನ್ನಿಸಲಿಲ್ಲ. ಅವನ ಹೆಸರು ಗುಡದಪ್ಪ. ಇಷ್ಟು ಹೊತ್ತಾದರೂ ಒಬ್ಬರೂ ಕೇಳಲಿಲ್ಲ ನೋಡಿ!

ಆಗಸ್ಟ್ ಹದಿನೈದಕ್ಕೆ ಸೈನಿಕನಿಗೆ ಹಾರ ಹಾಕುತ್ತೀರಿ. ಅದೇ ಸೈನಿಕ ಜೈಲಿನಿಂದ ಬಂದರೆ ಮಕ್ಕಳನ್ನು ಒಳಗೆ ಕರೆಯುತ್ತೀರಿ. ಮೈಗೆ ಜ್ವರ ಬಂದರೆ ಡಾಕ್ಟರು, ಮನಸ್ಸಿಗೆ ಜ್ವರ ಬಂದರೆ ನಿಂಬೆಹಣ್ಣು. ಇನ್ನು ಮೇಲೆ ಹೀಗೆ ಮಾಡಿ. ಅಂಥವನಿಗೆ ಕೆಲಸ ಕೊಡುವಾಗ ನಿಮಗೆ ತೋಚಿದ್ದನ್ನು ಹೊರಿಸಬೇಡಿ. ನಿನಗೆ ಏನು ಬರುತ್ತದೆ, ಏನು ಆಗುವುದಿಲ್ಲ ಅಂತ ಕೇಳಿ. ಆಸ್ಪತ್ರೆಗೆ ಹೋಗು ಅನ್ನಬೇಡಿ, ಜೊತೆಗೆ ಹೋಗಿ ಸಾಲಿನಲ್ಲಿ ಕೂತುಕೊಳ್ಳಿ. ಅವನು ವಿಚಿತ್ರವಾಗಿ ಏನಾದರೂ ಅಂದರೆ ಓಡಬೇಡಿ, ನಗಬೇಡಿ. ಯಾರು ಅದು, ಏನಾಯಿತು ಅಂತ ಕೇಳಿ, ಕೇಳಿ ಕೂತುಕೊಳ್ಳಿ.

ಈಗ ಒಂದು ಮಾತು ಹೇಳುತ್ತೇನೆ. ಯಾರೂ ಹಿಂದಕ್ಕೆ ತಿರುಗಿ ನೋಡಬಾರದು. ತಿರುಗಬೇಡಿ ಅಂದೆ!

ಪೆಂಡಾಲಿನ ಹೊರಗೆ, ನೀವು ಚಪ್ಪಲಿ ಬಿಟ್ಟು ಬಂದಿರಲ್ಲ, ಅಲ್ಲಿ ಒಬ್ಬ ನಿಂತಿದ್ದಾನೆ. ಒಂಬತ್ತು ದಿನದಿಂದ ನಿಲ್ಲುತ್ತಿದ್ದಾನೆ. ನಿಮ್ಮೂರಿನವನೇ. ಇವನೂ ಗಡಿ ಕಾಯ್ದವನು, ಇವನೂ ಶಿಕ್ಷೆ ಮುಗಿಸಿ ಬಂದವನು. ಬಂದು ಒಂದು ತಿಂಗಳಾಯಿತು, ನಿಮಗೆಲ್ಲ ಗೊತ್ತು, ಒಬ್ಬರಿಗೊಬ್ಬರು ಪಿಸುಗುಟ್ಟಿದ್ದೂ ಆಗಿದೆ. ನಿನ್ನೆ ನಾನು ಹೋಗಿ ಮಾತಾಡಿಸಿದೆ, ಅವನಿಗೂ ರಾತ್ರಿ ನಿದ್ದೆ ಇಲ್ಲ. ಅವನನ್ನು ಕೇಳಿಯೇ ಈ ಮಾತು ಹೇಳುತ್ತಿದ್ದೇನೆ. ಒಳಗೆ ಬಾರಪ್ಪಾ ಅಂದರೆ, ನಾನು ಬಂದರೆ ಮಂದಿ ಎದ್ದು ಹೋಗುತ್ತಾರೆ ಬುದ್ಧೀ ಅಂದ.

ನಾಡಿದ್ದು ಗುರುವಾರ ಜಿಲ್ಲಾ ಆಸ್ಪತ್ರೆಗೆ ಅವನ ಜೊತೆ ನಾನು ಹೋಗುತ್ತೇನೆ. ಅದರ ಮುಂದಿನ ಸಲ ನಿಮ್ಮಲ್ಲೊಬ್ಬರು ಹೋಗಬೇಕು. ಪೈಪ್‌ಲೈನು ವೆಲ್ಡಿಂಗು ಅವನಿಗೆ ಬರುತ್ತದೆ. ಯಾರಿಗೆ ಬೇಕು, ಅವರು ನನ್ನ ಹತ್ತಿರ ಬರಬೇಡಿ, ಅವನ ಹತ್ತಿರವೇ ಹೋಗಿ.

ಪ್ರಸಾದಕ್ಕೆ ಎಲೆ ಹಾಕಿದ್ದಾರೆ. ಇವತ್ತು ಮೊದಲನೆಯ ಪಂಕ್ತಿಯಲ್ಲಿ ಅವನು ಕೂರದೆ ನಾನು ಕೂರುವುದಿಲ್ಲ. ಪಕ್ಕದಲ್ಲಿ ಕೂತು ಉಣ್ಣುವವರು ಎದ್ದು ಹೋಗಿ ಕರೆದುಕೊಂಡು ಬನ್ನಿ. ಯಾರು ಏಳುತ್ತೀರಿ?

ನಾನು ಕಾಯುತ್ತೇನೆ.